ಸುಶಿ: ಸಂಶಯ ಮೀನಿನಲ್ಲಿಲ್ಲ, ಅನ್ನದಲ್ಲಿದೆ



ನಮ್ಮ ಮೊಹಲ್ಲಾಗಳ ಮಕ್ಕಳು ಈಗ ಗಲ್ಫ್‌ಗೆ ಮಾತ್ರ ಹೋಗುತ್ತಿಲ್ಲ. ಓದಿಗೆ, ಕೆಲಸಕ್ಕೆ ಜಪಾನಿಗೂ ಹೋಗುತ್ತಿದ್ದಾರೆ. ಅವರೊಂದಿಗೆ ಹೊಸ ಪ್ರಶ್ನೆಗಳೂ ಜುಮಾ ಮುಗಿದ ಮೇಲೆ ನಮ್ಮ ಬಳಿ ಬರುತ್ತಿವೆ. “ಹಝ್ರತ್, ಮಗ ಅಲ್ಲಿ ಹಸಿ ಮೀನು ತಿನ್ನುತ್ತಾನಂತೆ, ಅದು ಹರಾಮ್ ಅಲ್ಲವೇ?” ಎಂದು ತಾಯಂದಿರು ಆತಂಕದಿಂದ ಕೇಳುತ್ತಾರೆ. “ಮೀನು ತಾನೇ, ಅದರಲ್ಲಿ ಕೇಳುವುದೇನಿದೆ?” ಎನ್ನುವುದು ಮಕ್ಕಳ ಉತ್ತರ. ಈ ಎರಡೂ ಮಾತುಗಳಲ್ಲಿ ಅವಸರವಿದೆ. ಹೀಗಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ ಎಂದು ನಮಗನಿಸಿತು.

ಮೊದಲು ಸುಶಿ ಎಂದರೇನು ಎಂದು ತಿಳಿಯೋಣ. ಸುಶಿ ಎಂದರೆ ಹಸಿ ಮೀನು ಎಂದು ಹಲವರು ಭಾವಿಸಿದ್ದಾರೆ. ಬರೀ ಹಸಿ ಮೀನಿನ ಹೋಳುಗಳಿಗೆ ಜಪಾನೀಯರು ಸಾಶಿಮಿ ಎನ್ನುತ್ತಾರೆ. ಸುಶಿಯ ಮೂಲ ಇರುವುದು ಅನ್ನದಲ್ಲಿ. ಬೇಯಿಸಿದ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಸಣ್ಣ ಉಂಡೆ ಮಾಡಿ, ಅದರ ಮೇಲೆ ಮೀನು, ಸಿಗಡಿ ಅಥವಾ ಮೊಟ್ಟೆಯ ತುಂಡು ಇಡುತ್ತಾರೆ. ಇಲ್ಲವೇ ಸೌತೆಕಾಯಿಯಂಥದ್ದನ್ನು ಅನ್ನದೊಳಗಿಟ್ಟು ಸಮುದ್ರ ಪಾಚಿಯ ತೆಳು ಹಾಳೆಯಲ್ಲಿ ಸುತ್ತುತ್ತಾರೆ.

ಇದು ಶ್ರೀಮಂತರ ಊಟವಾಗಿ ಹುಟ್ಟಿದ್ದಲ್ಲ. ಹಿಂದೆ ಮೀನು ಕೆಡದಿರಲೆಂದು ಉಪ್ಪು ಹಚ್ಚಿ, ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಬಿವಾ ಸರೋವರದ ಸುತ್ತಲಿನ ಜನ ಇಂದಿಗೂ ಹಾಗೆ ಮಾಡುತ್ತಾರೆ. ಇಂದಿನ ರೂಪದ ಸುಶಿ 19ನೇ ಶತಮಾನದ ಮೊದಲ ಭಾಗದಲ್ಲಿ, ಈಗಿನ ಟೋಕಿಯೊ ಆಗಿರುವ ಎಡೊ ನಗರದಲ್ಲಿ, ಬೀದಿ ಬದಿಯ ತಿಂಡಿಯಾಗಿ ಹರಡಿತು. ಕಾಲಕ್ರಮದಲ್ಲಿ ಅದು ದುಬಾರಿಯೂ ಆಯಿತು. 1958ರಲ್ಲಿ ಯೋಶಿಆಕಿ ಶಿರಾಇಶಿ ಎಂಬವರು ಒಸಾಕಾ ಬಳಿ ಹೊಸ ಬಗೆಯ ಅಂಗಡಿ ತೆರೆದರು. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿದ್ದ ಅವರು ಸುಶಿಯ ತಟ್ಟೆಗಳನ್ನೂ ಹಾಗೆಯೇ ಗಿರಾಕಿಗಳ ಮುಂದೆ ಸಾಗುವಂತೆ ಮಾಡಿದರು. ಬಡಿಸುವವರ ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. ಎರಡು ತುಂಡಿನ ಒಂದು ತಟ್ಟೆಗೆ ಸುಮಾರು 100 ಯೆನ್ ಎಂಬ ದರ ಬಹುಕಾಲ ನಡೆಯಿತು. 2022ರಲ್ಲಿ ಖರ್ಚು ಏರಿದಾಗ ಕೆಲವು ದೊಡ್ಡ ಸರಣಿ ಅಂಗಡಿಗಳು ಅದನ್ನು ಕೈಬಿಟ್ಟವು. ಆದರೂ ವಿದ್ಯಾರ್ಥಿಗೂ ಕೂಲಿ ಕೆಲಸದವನಿಗೂ ಎಟುಕುವ ಬಿಸಿಲು-ಮಳೆಯ ಊಟವಾಗಿ ಅದು ಉಳಿದಿದೆ. ಆದ್ದರಿಂದ ನಮ್ಮ ಮಕ್ಕಳಿಗೆ ಈ ಪ್ರಶ್ನೆ ಶೋಕಿಯದ್ದಲ್ಲ, ದಿನದ ಹೊಟ್ಟೆಪಾಡಿನದ್ದು.

ಈಗ ಧರ್ಮದ ಮಾತಿಗೆ ಬರೋಣ. ನಮಗೆ ಒಗ್ಗದ್ದೆಲ್ಲವೂ ಹರಾಮ್ ಅಲ್ಲ. ಒಮ್ಮೆ ಪ್ರವಾದಿ(ಸ)ರ ಮುಂದೆ ಸುಟ್ಟ ಉಡವನ್ನು ತಂದಿಟ್ಟರು. ಅವರು ಕೈ ಹಿಂದೆಗೆದರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಇಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇರಲಿಲ್ಲವಾದ್ದರಿಂದ ತಮಗೆ ಮನಸ್ಸಾಗುತ್ತಿಲ್ಲ ಎಂದು ತಿಳಿಸಿದರು. ಖಾಲಿದ್(ರ) ಅದನ್ನು ಅವರೆದುರೇ ತಿಂದರು. ತನಗೆ ಹಿಡಿಸದ್ದನ್ನು ಇನ್ನೊಬ್ಬನಿಗೆ ಹರಾಮ್ ಮಾಡುವ ಹಕ್ಕು ಯಾರಿಗೂ ಇಲ್ಲ ಎಂಬ ಪಾಠ ಇದರಲ್ಲಿದೆ.

ಇನ್ನು ಮೀನು. ಸಮುದ್ರದ ಬೇಟೆಯನ್ನು ಅಲ್ಲಾಹನು ನಮಗೆ ಹಲಾಲ್ ಮಾಡಿರುವುದು ಸೂರಃ ಅಲ್ ಮಾಇದಃದಲ್ಲಿದೆ. ಮೀನಿಗೆ ಝಬಹ್ ಬೇಕಿಲ್ಲ, ಬೇಯಿಸಬೇಕೆಂಬ ಷರತ್ತೂ ಇಲ್ಲ. ಬೇರೆ ಸಮುದ್ರ ಜೀವಿಗಳ ವಿಷಯದಲ್ಲಿ ಮದ್‌ಹಬ್‌ಗಳಲ್ಲಿ ಭಿನ್ನತೆಯಿದೆ. ಕರಾವಳಿಯ ಶಾಫಿಈ ಮನೆಗಳಿಗೆ ಸಮುದ್ರದ ಬಾಗಿಲು ವಿಶಾಲವಾಗಿದೆ. ಹನಫೀಗಳಿಗೆ ಮೀನು ಮಾತ್ರ. ಅವರು ಬೊಂಡಾಸ್, ಏಡಿ, ಚಿಪ್ಪುಗಳನ್ನು ಬಿಡಬೇಕು. ಸಿಗಡಿಯ ಬಗ್ಗೆ ಹನಫೀ ವಿದ್ವಾಂಸರಲ್ಲೇ ಎರಡು ಅಭಿಪ್ರಾಯಗಳಿವೆ. ಇಬ್ಬರೂ ತಮ್ಮ ತಮ್ಮ ಮದ್‌ಹಬ್‌ನಂತೆ ನಡೆಯಲಿ, ಒಬ್ಬರು ಇನ್ನೊಬ್ಬರ ತಟ್ಟೆಯತ್ತ ಬೆರಳು ತೋರಿಸುವುದು ಬೇಡ.

ಹಾಗಾದರೆ ತಾಯಿ ಹೆದರುವ ಹಸಿ ಮೀನಿನಲ್ಲಿ ತೊಡಕಿಲ್ಲ. ತೊಡಕಿರುವುದು ಯಾರೂ ಅನುಮಾನಿಸದ ಅನ್ನದಲ್ಲಿ. ವಿನೆಗರ್ ಸ್ವತಃ ಒಳ್ಳೆಯ ವ್ಯಂಜನವೆಂದು ಪ್ರವಾದಿ(ಸ)ರು ಹೊಗಳಿದ್ದಾರೆ. ಆದರೆ ಅನೇಕ ಅಂಗಡಿಗಳು ಅನ್ನದ ವಿನೆಗರಿಗೆ ಮಿರಿನ್ ಸೇರಿಸುತ್ತವೆ. ಮಿರಿನ್ ಎಂದರೆ ಅಕ್ಕಿಯಿಂದ ತಯಾರಾದ ಸಿಹಿ ಮದ್ಯ. ಅಸಲಿ ಮಿರಿನ್‌ನಲ್ಲಿ ಸುಮಾರು 14 ಶೇಕಡಾ ಆಲ್ಕೋಹಾಲ್ ಇರುತ್ತದೆ. ಸಾಕೆ ಎಂಬ ಅಕ್ಕಿ ಮದ್ಯವನ್ನೂ ಅಡುಗೆಗೆ ಬಳಸುತ್ತಾರೆ. ಅನ್ನಕ್ಕೇ ಮಿರಿನ್ ಬಿದ್ದಿದ್ದರೆ ಮೇಲಿರುವುದು ಮೀನಾದರೇನು, ಸೌತೆಕಾಯಿಯಾದರೇನು? ಸಸ್ಯಾಹಾರದ ತಟ್ಟೆ ಆರಿಸಿಕೊಂಡೆ ಎಂಬ ಸಮಾಧಾನಕ್ಕೆ ಅಲ್ಲಿ ಅರ್ಥವಿಲ್ಲ.

ಆದ್ದರಿಂದ ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಬೇಕು.

ಒಂದು, ಅನ್ನಕ್ಕೆ ಮಿರಿನ್ ಅಥವಾ ಸಾಕೆ ಹಾಕಿದ್ದೀರಾ?

ಎರಡು, ಸೋಯಾ ಸಾಸ್ ಯಾವುದು? ಹುದುಗಿಸಿ ಮಾಡುವಾಗ ಅದರಲ್ಲಿ ತಾನಾಗಿ ಸ್ವಲ್ಪ ಆಲ್ಕೋಹಾಲ್ ಉಂಟಾಗುತ್ತದೆ. ಕೆಲವರು ಕೆಡದಿರಲೆಂದು ಬೇರೆ ಸೇರಿಸುವುದೂ ಇದೆ. ತಾನಾಗಿ ಉಂಟಾಗುವ ಅಲ್ಪ ಅಂಶದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಹಲಾಲ್ ಪ್ರಮಾಣಪತ್ರವಿರುವ ಸೋಯಾ ಸಾಸ್ ಜಪಾನಿನಲ್ಲೇ ಸಿಗುತ್ತದೆ. ಒಂದು ಸಣ್ಣ ಬಾಟಲಿ ಚೀಲದಲ್ಲಿಟ್ಟುಕೊಂಡರೆ ಈ ಚಿಂತೆ ತಪ್ಪುತ್ತದೆ.

ಮೂರು, ಮೊದಲೇ ಬೇಯಿಸಿದ ಅಥವಾ ನೆನೆಸಿದ ಪದಾರ್ಥಗಳಿಗೆ ಏನು ಹಾಕಿದ್ದೀರಿ? ಹಾವುಮೀನಿನ ಗಟ್ಟಿ ಸಾರು, ಸಿಹಿ ಆಮ್ಲೆಟ್, ಹುರಿದ ತೋಫು ಚೀಲ, ಮೀನಿನ ಮೊಟ್ಟೆ, ಏಡಿ ಕಡ್ಡಿ ಎಂದು ಮಾರುವ ಮೀನಿನ ಹಿಟ್ಟಿನ ತುಂಡು, ಇವುಗಳಲ್ಲಿ ಮಿರಿನ್ ಅಥವಾ ಸಾಕೆ ಇರುವುದು ಸಾಮಾನ್ಯ.

ನಾಲ್ಕು, ಮಾಂಸ ಮತ್ತು ಎಣ್ಣೆ. ಅಗ್ಗದ ಸುಶಿ ಅಂಗಡಿಗಳಲ್ಲಿ ಹಂದಿ ಮಾಂಸದ ತಟ್ಟೆ, ಹಂದಿ ಎಲುಬಿನ ಸಾರಿನ ನೂಡಲ್ಸ್, ಕರಿದ ಕೋಳಿ ಕೂಡ ಇರುತ್ತವೆ. ಕರಿದದ್ದನ್ನು ತಿನ್ನುವ ಮೊದಲು ಎಣ್ಣೆ ಒಂದೇ ಬಾಣಲೆಯದೇ ಎಂದು ವಿಚಾರಿಸಬೇಕು.

ಭಾಷೆ ಬಾರದಿದ್ದರೆ ಫೋನಿನಲ್ಲಿ ಬರೆದು ತೋರಿಸಬಹುದು. ಅನ್ನದ ಬಗ್ಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಏನೂ ಬೆರೆಸದ ಸಾಶಿಮಿಯನ್ನು ನಮ್ಮದೇ ಸಾಸ್‌ನೊಂದಿಗೆ ತಿನ್ನಬಹುದು. ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ನಡುವೆ ಸಂಶಯದ ಸಂಗತಿಗಳಿವೆ, ಅವುಗಳಿಂದ ದೂರ ನಿಂತವನು ತನ್ನ ದೀನನ್ನು ಕಾಪಾಡಿಕೊಂಡನು ಎಂಬ ಪ್ರವಾದಿ ಬೋಧನೆಯ ಆಶಯ ಇದೇ. ಮದ್ಯ ಹಂಚುವ ಮೇಜಿನಲ್ಲಿ ಕೂರಬಾರದೆಂಬುದೂ ನೆನಪಿರಲಿ. ಸಹೋದ್ಯೋಗಿಗಳು ಕುಡಿಯಲು ಕುಳಿತರೆ ನಯವಾಗಿ ಬೇರೆ ಮೇಜು ಆರಿಸಿಕೊಳ್ಳಬೇಕು.

ಆರೋಗ್ಯದ ಮಾತೂ ಧರ್ಮದ ಮಾತೇ. ಹಸಿ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳ ಇರಬಹುದು. ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಟ್ಟರೆ ಅಂಥ ಹುಳಗಳು ಸಾಯುತ್ತವೆ, ಆದರೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಗರ್ಭಿಣಿಯರು, ಪುಟ್ಟ ಮಕ್ಕಳು, ವೃದ್ಧರು, ರೋಗಿಗಳು ಬೇಯಿಸಿದ್ದನ್ನೇ ತಿನ್ನಲಿ. ಬೆಂಗಳೂರಿನಲ್ಲೂ ಈಗ ಸುಶಿ ಸಿಗುತ್ತದೆ, ಅಲ್ಲೂ ಇವೇ ಪ್ರಶ್ನೆಗಳು. ಆದರೆ ವಿಡಿಯೋ ನೋಡಿ, ಮೀನು ಮಾರುಕಟ್ಟೆಯ ಬಂಗುಡೆ, ಅಂಜಲ್ ತಂದು ಮನೆಯಲ್ಲಿ ಹಸಿಯಾಗಿ ತಿನ್ನುವ ಸಾಹಸ ಯಾರೂ ಮಾಡಬೇಡಿ. ಆ ಮೀನು ಸಾರಿಗೆ, ಹುರಿಯಲು ತಂದದ್ದು.

ತಟ್ಟೆ ಅಗ್ಗವೆಂದು ಎತ್ತಿ ಎತ್ತಿ ಇಟ್ಟು, ಮೇಲಿನ ಮೀನು ತಿಂದು ಅನ್ನ ಬಿಡುವವರಿದ್ದಾರೆ. ಅದು ಇಸ್ರಾಫ್. ಬೇಕಾದಷ್ಟೇ ತೆಗೆದುಕೊಳ್ಳಿ, ಬಿಸ್ಮಿಲ್ಲಾಹ್ ಹೇಳಿ ತಿನ್ನಿ, ಅಲ್‌ಹಮ್ದುಲಿಲ್ಲಾಹ್ ಹೇಳಿ ಏಳಿ.

ಜಪಾನಿನಲ್ಲಿರುವ ಮಕ್ಕಳಿಗೆ ಕೊನೆಯ ಮಾತು. ನೀವು ಅಲ್ಲಿ ಒಂಟಿಯಲ್ಲ. ಕೋಬೆಯ ಮಸೀದಿ 1935ರಿಂದ ಇದೆ, ಅದರ ನಿರ್ಮಾಣಕ್ಕೆ ಭಾರತದ ಮುಸ್ಲಿಂ ವ್ಯಾಪಾರಿಗಳೂ ಹಣ ಕೊಟ್ಟಿದ್ದರು. ಟೋಕಿಯೊದಲ್ಲೂ 1938ರಲ್ಲಿ ಮಸೀದಿ ಎದ್ದಿತು. ಜುಮಾಕ್ಕೆ ಹೋಗಿ, ಯಾವ ಅಂಗಡಿಯ ಅನ್ನ ಹೇಗಿದೆ ಎಂದು ಅಲ್ಲಿನವರನ್ನೇ ಕೇಳಿ. ತಾಯಂದಿರೇ, ಮುಂದಿನ ಸಲ ಮಗ ಫೋನ್ ಮಾಡಿದಾಗ “ಹಸಿ ಮೀನು ತಿಂದೆಯಾ?” ಎಂದು ಗದರಬೇಡಿ. “ಅನ್ನಕ್ಕೆ ಏನು ಹಾಕಿದ್ದಾರೆಂದು ಕೇಳಿದೆಯಾ?” ಎಂದು ವಿಚಾರಿಸಿ. ಅಲ್ಲಾಹನು ನಮ್ಮೆಲ್ಲರಿಗೂ ಹಲಾಲ್ ಆದ, ಶುದ್ಧವಾದ ಅನ್ನವನ್ನು ದಯಪಾಲಿಸಲಿ. ಆಮೀನ್.