ಧರ್ಮಾಧ್ಯಕ್ಷರ ಹೆಸರಿನಲ್ಲಿ ಸುಳ್ಳು ಇ-ಮೇಲ್: ಎಚ್ಚರವಿರಲಿ



"ಸಭೆಯಲ್ಲಿದ್ದೇನೆ, ಫೋನ್ ಮಾಡಬೇಡಿ. ಒಂದು ಉಪಕಾರವಾಗಬೇಕಿತ್ತು." ಧರ್ಮಾಧ್ಯಕ್ಷರ ಅಥವಾ ವಿಚಾರಣಾ ಗುರುಗಳ ಹೆಸರಿನಲ್ಲಿ ಹೀಗೊಂದು ಇ-ಮೇಲ್ ಬರುತ್ತದೆ. ಉತ್ತರಿಸಿದರೆ, ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ಕಳುಹಿಸಿ ಎನ್ನುತ್ತಾರೆ. ಹಲವು ದೇಶಗಳ ಧರ್ಮಪ್ರಾಂತ್ಯಗಳಲ್ಲಿ ಈ ಮೋಸ ನಡೆದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ಸೇವೆ ಮಾಡುವ ಧರ್ಮಭಗಿನಿಯರು, ಉಪದೇಶಿಗಳು ಸ್ವಾಮಿಗಳ ಮಾತಿಗೆ ಇಲ್ಲ ಎನ್ನುವವರಲ್ಲ. ಮೋಸಗಾರನಿಗೆ ಬೇಕಾದದ್ದೂ ಅದೇ.

ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪಕ್ಕದಲ್ಲಿರುವ ವಿಳಾಸ ನೋಡಿ. ವಿಳಾಸ ಸರಿಯಿದ್ದರೂ ಆ ಖಾತೆಯೇ ಕಳ್ಳರ ಕೈ ಸೇರಿರಬಹುದು. ಆದ್ದರಿಂದ ಉತ್ತರಿಸದೆ, ಲಿಂಕ್ ಒತ್ತದೆ, ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿ. ಇದು ಅವಿಧೇಯತೆಯಲ್ಲ.

ಇ-ಮೇಲನ್ನು ಅಳಿಸಬೇಡಿ, ಅದೇ ಪುರಾವೆ. ಜಿಮೇಲ್‌ನಲ್ಲಿ ಫಿಶಿಂಗ್ ಎಂದು ವರದಿ ಮಾಡುವ ಆಯ್ಕೆಯಿದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ತಿಳಿಸಬಹುದು.

ಹಣ ಹೋಗಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಬ್ಯಾಂಕಿನಲ್ಲಿ ಇರುವಷ್ಟು ಹೊತ್ತು ಮಾತ್ರ ತಡೆಯಲು ಸಾಧ್ಯ. ಕೂಡಲೇ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಪಾಸ್‌ವರ್ಡ್ ನಾವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರದ ನಷ್ಟ ಬ್ಯಾಂಕಿನದು ಎಂದು 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳಿತ್ತು.

ನಾಚಿಕೆಪಟ್ಟು ಮುಚ್ಚಿಡಬೇಡಿ. ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ, ಫೋನಿನಲ್ಲಿ ಬೆದರಿಸಿದವರಿಗೆ 50 ಲಕ್ಷಕ್ಕೂ ಹೆಚ್ಚು ಹಣ ಕಳೆದುಕೊಂಡ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಮನೆಯವರಿಗೋ ಗುರುಗಳಿಗೋ ಅಂದೇ ಹೇಳಿ. ದೂರು ಕೊಡಲು ಹೋಗುವಾಗ ಇ-ಮೇಲ್‌ನ ಪ್ರತಿ, ಬ್ಯಾಂಕಿನ ಎಸ್ಸೆಮ್ಮೆಸ್ ಜೊತೆಗಿರಲಿ.