ಹಳೇ ಕಾರಿನ ಎರಡನೇ ಲೆಕ್ಕ

ಹೈದರಾಬಾದಿನಲ್ಲಿ ಹೊಸ ಮಾರುತಿ 800 ಮಾರಾಟ ನಿಂತದ್ದು 2010ರ ಏಪ್ರಿಲ್‌ನಲ್ಲಿ, ಹೊಗೆ ಮಾಲಿನ್ಯದ ಬಿಎಸ್-4 ನಿಯಮ ಬಂದಾಗ. ತಯಾರಿಕೆಯೇ ನಿಂತದ್ದು 2014ರ ಜನವರಿಯಲ್ಲಿ. ಆದರೂ ಅದರ 796 ಸಿಸಿ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಇದ್ದಾರೆ, ರಾಣಿಗಂಜ್‌ನಲ್ಲಿ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಅಗ್ಗದ ಹಳೇ ಕಾರಿಗೆ ಇದಕ್ಕಿಂತ ದೊಡ್ಡ ಬಲವಿಲ್ಲ.

ಪರೀಕ್ಷೆ ಬೇಸಿಗೆಯಲ್ಲಿ. ರೇಡಿಯೇಟರಿಗೆ ಕೂಲಂಟ್ ಬದಲು ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಬಂದರೆ ಒಳಗೆ ಸುಣ್ಣ ಕಟ್ಟುತ್ತದೆ. ಮೇ ತಿಂಗಳ ಟ್ರಾಫಿಕ್‌ನಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಅನುಭವಿ ಮೆಕ್ಯಾನಿಕ್ ಆಯಿಲ್ ಮುಚ್ಚಳ ತಿರುಗಿಸಿ, ಅದರ ಒಳಬದಿಗೆ ಬೆರಳಾಡಿಸಿ ನೋಡುತ್ತಾನೆ. ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಅಂಟಿದರೆ ಆಯಿಲ್‌ಗೆ ನೀರು ಸೇರಿದೆಯೆಂಬ ಅನುಮಾನ. ಕೂಲಂಟ್‌ನ ಸಣ್ಣ ಖರ್ಚು ಉಳಿಸಲು ಹೋಗಿ ಎಂಜಿನ್ ಇಳಿಸುವುದು ಬಡ ಕುಟುಂಬಕ್ಕೆ ನಿಜಕ್ಕೂ ದೊಡ್ಡ ಪೆಟ್ಟು.

ಕಾಗದಪತ್ರದ ಖರ್ಚೂ ಸಣ್ಣದಲ್ಲ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ ಬೇರೆ.

ಬೀದರ್, ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಕೊಳ್ಳುವವರಿಗೆ ಇನ್ನೂ ಒಂದು ಬಾಬ್ತು: ತೆಲಂಗಾಣದ ಎನ್‌ಒಸಿ, ಕರ್ನಾಟಕದ ರಸ್ತೆ ತೆರಿಗೆ, ಮರುನೋಂದಣಿ. ಮುಂಗಡ ಕೊಡುವ ಮುನ್ನ ನಿಮ್ಮೂರ ಆರ್‌ಟಿಒ ಕಚೇರಿಯಲ್ಲಿ ಆ ಮೊತ್ತ ವಿಚಾರಿಸಿಕೊಳ್ಳಿ.