‘ಇನ್ನೊಂದು ವರ್ಷ ಇರಲಿ ಬಿಡಿ’: ರೋಮ್ ಗಣರಾಜ್ಯವನ್ನು ನುಂಗಿದ ಅವಧಿ ವಿಸ್ತರಣೆ

ರಾಜರನ್ನು ಓಡಿಸಿದ ಮೇಲೆ ರೋಮನ್ನರು ಒಂದು ನಿಯಮಕ್ಕೆ ಅಂಟಿಕೊಂಡರು: ಅಧಿಕಾರ ಯಾರ ಕೈಯಲ್ಲೂ ಬಹಳ ಕಾಲ ಉಳಿಯಬಾರದು. ಹಾಗಾಗಿ ಸೈನ್ಯ ಮತ್ತು ಆಡಳಿತ ನಡೆಸುವ ಇಬ್ಬರು ಕಾನ್ಸಲ್‌ಗಳಿಗೆ ಸಿಗುತ್ತಿದ್ದದ್ದು ಒಂದೇ ವರ್ಷ. ಅವಧಿ ಮುಗೀತು ಅಂದ್ರೆ ಮಾಮೂಲಿ ಪ್ರಜೆ. ತಪ್ಪು ಮಾಡಿದ್ದರೆ ವಿಚಾರಣೆ ಎದುರಿಸಬೇಕಿತ್ತು.

ಆದರೆ ಯುದ್ಧ ಕ್ಯಾಲೆಂಡರ್ ನೋಡಿಕೊಂಡು ಮುಗಿಯುತ್ತದೆಯೇ? ಕ್ರಿ.ಪೂ. 327ರಲ್ಲಿ ಕಾನ್ಸಲ್ ಆಗಿದ್ದ ಪಬ್ಲಿಲಿಯಸ್ ಫಿಲೋ ಈಗಿನ ನೇಪಲ್ಸ್ ಇರುವಲ್ಲಿ ಮುತ್ತಿಗೆ ಹಾಕಿ ಕೂತಿದ್ದ. ಅಷ್ಟರಲ್ಲಿ ಅವನ ವರ್ಷ ಮುಗಿಯುತ್ತಾ ಬಂತು. ನಡುವೆ ಸೇನಾಪತಿಯನ್ನು ಬದಲಿಸುವುದು ಬೇಡ, ಯುದ್ಧ ಮುಗಿಯುವತನಕ ‘ಕಾನ್ಸಲ್‌ನ ಸ್ಥಾನದಲ್ಲಿ’ ಅವನೇ ಇರಲಿ ಎಂದು ತೀರ್ಮಾನವಾಯಿತು. ಪ್ರೊಕಾನ್ಸಲ್ ಅಂದರೆ ಇಷ್ಟೇ: ಹುದ್ದೆ ಹೋಗಿದೆ, ಅಧಿಕಾರ ಉಳಿದಿದೆ.

ರೋಮ್ ಬೆಳೆದಂತೆ ಈ ಅಪವಾದವೇ ಪದ್ಧತಿಯಾಯಿತು. ಸಿಸಿಲಿ, ಸಾರ್ಡಿನಿಯಾಗಳಿಗಾಗಿ 227ರಲ್ಲಿ, ಸ್ಪೇನ್‌ಗಾಗಿ 197ರಲ್ಲಿ ಹೊಸ ಪ್ರೇಟರ್ ಹುದ್ದೆಗಳನ್ನು ಸೃಷ್ಟಿಸಿದ್ದರು. ಆಮೇಲೆ ಪ್ರಾಂತ್ಯಗಳು ಹೆಚ್ಚಿದರೂ ಹುದ್ದೆಗಳು ಅದೇ ವೇಗದಲ್ಲಿ ಹೆಚ್ಚಲಿಲ್ಲ. ಇದ್ದವರನ್ನೇ ಮುಂದುವರಿಸುವುದು ಸೆನೆಟ್‌ಗೆ ಸುಲಭವಾಗಿ ಕಂಡಿತು.

ಅದರ ಬೆಲೆ ತೆತ್ತವರು ಪ್ರಾಂತ್ಯಗಳ ಜನ. ಅಲ್ಲಿ ಗವರ್ನರನೇ ದಂಡನಾಯಕ, ಅವನೇ ನ್ಯಾಯಾಧೀಶ. ಸಿಸಿಲಿಗೆ 73ರಲ್ಲಿ ಹೋದ ವೆರ್ರೆಸ್ ಒಂದು ವರ್ಷಕ್ಕೆ ವಾಪಸಾಗಬೇಕಿತ್ತು. ಬದಲಿ ಅಧಿಕಾರಿ ಬರಲೇ ಇಲ್ಲ, ಇವನು ಮೂರು ವರ್ಷ ಉಳಿದ. ರೈತರ ಧಾನ್ಯದಿಂದ ಹಿಡಿದು ದೇವಸ್ಥಾನದ ವಿಗ್ರಹಗಳವರೆಗೆ ದೋಚಿದ ಆರೋಪ ಹೊತ್ತ. ಕೊನೆಗೆ 70ರಲ್ಲಿ ಸಿಸೆರೊ ವಾದ ಮಂಡಿಸಿದಾಗ, ತೀರ್ಪಿಗೂ ಮೊದಲೇ ರೋಮ್ ಬಿಟ್ಟು ಪರಾರಿಯಾದ. ಗಮನಿಸಿ, ಅಧಿಕಾರದಲ್ಲಿ ಇರುವಷ್ಟು ದಿನ ಅವನ ಮೇಲೆ ಕೇಸು ಹಾಕುವಂತಿರಲಿಲ್ಲ.

ಇದೇ ರಕ್ಷಣೆ ಜೂಲಿಯಸ್ ಸೀಸರ್‌ಗೂ ಬೇಕಿತ್ತು. ಕ್ರಿ.ಪೂ. 59ರ ಕಾನೂನು ಅವನಿಗೆ ಗಾಲ್ ಪ್ರದೇಶದ ಅಧಿಕಾರವನ್ನು ಒಂದಲ್ಲ, ಐದು ವರ್ಷಕ್ಕೆ ಕೊಟ್ಟಿತು. 55ರಲ್ಲಿ ಮತ್ತೆ ಐದು ವರ್ಷ ವಿಸ್ತರಣೆ. ಅಷ್ಟು ವರ್ಷ ಒಬ್ಬನ ಕೈಕೆಳಗೇ ಇದ್ದ ಸೈನಿಕರಿಗೆ ಲೂಟಿಯ ಪಾಲು ಕೊಡುವವನೂ ಅವನೇ, ನಾಳೆ ಭೂಮಿ ಕೊಡಿಸಬೇಕಾದವನೂ ಅವನೇ. ಅವರ ನಿಷ್ಠೆ ಗಣರಾಜ್ಯಕ್ಕೋ, ಸೀಸರ್‌ಗೋ? ಸೇನೆ ಬಿಟ್ಟುಕೊಡು ಎಂದು ಸೆನೆಟ್ ಹೇಳಿದಾಗ ಉತ್ತರ ಸಿಕ್ಕಿತು. 49ರ ಜನವರಿಯಲ್ಲಿ ಸೀಸರ್ ಸೈನ್ಯದೊಂದಿಗೆ ರೂಬಿಕಾನ್ ನದಿ ದಾಟಿದ. ಅಂತರ್ಯುದ್ಧ ಶುರುವಾಯಿತು.

ಮುಂದೆ ಅಗಸ್ಟಸ್ ಗಣರಾಜ್ಯವನ್ನು ರದ್ದು ಮಾಡುತ್ತೇನೆ ಅನ್ನಲೇ ಇಲ್ಲ. 27ರಲ್ಲಿ ಸೈನ್ಯ ಹೆಚ್ಚಿದ್ದ ಪ್ರಾಂತ್ಯಗಳನ್ನು ಹತ್ತು ವರ್ಷಕ್ಕೆ ವಹಿಸಿಕೊಂಡ. ಮತ್ತೆ ಮತ್ತೆ ನವೀಕರಿಸಿಕೊಂಡ. ಕಾನ್ಸಲ್‌ಗಳ ಚುನಾವಣೆ ಅದರ ಪಾಡಿಗೆ ನಡೆಯುತ್ತಲೇ ಇತ್ತು.

ಫಿಲೋಗೆ ಸಿಕ್ಕ ವಿಸ್ತರಣೆಗೆ ಸರಿಯಾದ ಕಾರಣವಿತ್ತು. ತೊಂದರೆ ಏನೆಂದರೆ, ಆಮೇಲಿನ ಪ್ರತಿಯೊಂದು ವಿಸ್ತರಣೆಗೂ ಒಂದು ಕಾರಣ ಸಿಗುತ್ತಲೇ ಹೋಯಿತು.